ಹಿತ್ತಲಿನ ಹಕ್ಕಿಗಳಿಗೆ ವರ್ಷವಿಡೀ ಕಾಳು ಇಡಬಹುದೇ?

ಹಿತ್ತಲಿಗೆ ಬರುವ ಹಕ್ಕಿಗಳಿಗೆ ಹನ್ನೆರಡು ತಿಂಗಳೂ ಕಾಳಿನ ಮಿಶ್ರಣ ಇಡಬಹುದೇ, ನಡುವೆ ನಿಲ್ಲಿಸಿದರೆ ಅವು ಉಪವಾಸ ಬೀಳುತ್ತವೆಯೇ ಎಂದು ತಾವು ಕೇಳಿದ್ದೀರಿ. ಇಡಬಹುದು, ಆದರೆ ಎಲ್ಲ ಕಾಲಕ್ಕೂ ಒಂದೇ ಅಳತೆ ಸಲ್ಲದು ಎಂಬುದನ್ನು ಶಿವಮೊಗ್ಗದ ನಮ್ಮ ಮನೆಯಲ್ಲಿ ಹಲವು ವರ್ಷ ಕಾಳು ಇಟ್ಟು ಕಲಿತಿದ್ದೇನೆ.

ನಾನು ಬಳಸುವುದು ನವಣೆ, ಸಜ್ಜೆ ಮತ್ತು ನುಚ್ಚಕ್ಕಿ. ಗುಬ್ಬಚ್ಚಿ, ರಾಟವಾಳಗಳ ಗಿಡ್ಡ ಕೊಕ್ಕಿಗೆ ಈ ಸಣ್ಣ ಕಾಳು ಹೊಂದುತ್ತದೆ. ಕೆಳಗೆ ಉದುರಿದ್ದನ್ನು ಬೆಳವಗಳು ಆಯ್ದು ತಿನ್ನುತ್ತವೆ. ಉಪ್ಪು, ಖಾರ, ಎಣ್ಣೆ ಸೇರಿದ ತಿಂಡಿ ಬೇಡ. ಬಿತ್ತನೆಗೆಂದು ತಂದು ಉಳಿದ, ಔಷಧ ಲೇಪಿಸಿ ಬಣ್ಣ ಕೊಟ್ಟ ಬೀಜವನ್ನಂತೂ ಮರೆತೂ ಹಾಕಬೇಡಿ, ಅದು ವಿಷ.

ರಾಟವಾಳ ತಿನ್ನುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ನವಣೆ ಕಾಳನ್ನು ಕೊಕ್ಕಿನಲ್ಲೇ ಹೊರಳಿಸಿ, ಸಿಪ್ಪೆ ಸುಲಿದು ತಿರುಳನ್ನು ನುಂಗಿ, ಹೊಟ್ಟನ್ನು ತಟ್ಟೆಯಲ್ಲೇ ಬಿಡುತ್ತದೆ. ಹೀಗಾಗಿ ಸಂಜೆ ತುಂಬಿದಂತೆ ಕಾಣುವ ತಟ್ಟೆಯನ್ನು ಊದಿದರೆ ಹಾರುವುದೆಲ್ಲ ಹೊಟ್ಟೇ. ಮೊದಲ ಮಳೆಗಾಲದಲ್ಲಿ ನಾನು ಆ ಹೊಟ್ಟಿನ ಮೇಲೆಯೇ ಹೊಸ ಕಾಳು ಸುರಿಯುತ್ತಿದ್ದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಕೈಹಾಕಿದಾಗ ಅಡಿಯಲ್ಲಿದ್ದುದೆಲ್ಲ ಹೆಂಟೆಗಟ್ಟಿ, ಬೂಷ್ಟು ಹಿಡಿದು, ಮುಗ್ಗಲು ವಾಸನೆ ಬರುತ್ತಿತ್ತು. ಅದನ್ನೇ ಅವುಗಳಿಗೆ ಉಣ್ಣಿಸುತ್ತಿದ್ದೆನಲ್ಲಾ ಎಂಬ ನೋವು ಇಂದಿಗೂ ಇದೆ. ಬೂಷ್ಟು ಹಿಡಿದ ಕಾಳಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಹಕ್ಕಿಗಳ ಯಕೃತ್ತನ್ನು ಕೆಡಿಸುತ್ತದೆ. ಅಲ್ಲದೆ ಕೊಳಕು ತಟ್ಟೆಗೆ ಹಿಂಡು ಸೇರಿದರೆ ಒಂದರ ರೋಗ ಇನ್ನೊಂದಕ್ಕೆ ತಗಲುತ್ತದೆ. ವರ್ಷವಿಡೀ ಕಾಳು ಇಡುವ ರೂಢಿ ವ್ಯಾಪಕವಾಗಿರುವ ಬ್ರಿಟನ್ನಿನಲ್ಲೇ 2005ರಿಂದೀಚೆಗೆ ಟ್ರೈಕೊಮೊನೊಸಿಸ್ ಎಂಬ ರೋಗ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆಯನ್ನು ತೀರಾ ಕುಗ್ಗಿಸಿದ್ದು, 2021ರಲ್ಲಿ ಆ ಹಕ್ಕಿಯನ್ನು ಅಲ್ಲಿಯ ಅಪಾಯದ ಕೆಂಪು ಪಟ್ಟಿಗೆ ಸೇರಿಸಬೇಕಾಯಿತು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನಡಿ, ಬೆಳಿಗ್ಗೆ ಒಂದು ಹಿಡಿ ಮಾತ್ರ ಇಡುತ್ತೇನೆ. ಸಂಜೆ ತಟ್ಟೆಯನ್ನು ತೊಳೆದು, ಒಣಗಿಸಿ ಒಳಗಿಡುತ್ತೇನೆ.

ಗೂಡು ಕಟ್ಟುವ ಕಾಲದಲ್ಲಿ ಕಾಳಿಗಿಂತ ಹುಳು ಮುಖ್ಯ. ಗುಬ್ಬಚ್ಚಿ ಕಾಳು ತಿನ್ನುವ ಹಕ್ಕಿಯಾದರೂ ಎಳೆ ಮರಿಗಳಿಗೆ ಕೊಡುವುದು ಹೆಚ್ಚಾಗಿ ಹುಳುಹುಪ್ಪಟೆಯನ್ನೇ. ಒಂದು ಕೈಯಲ್ಲಿ ಕಾಳು ಇಟ್ಟು ಇನ್ನೊಂದು ಕೈಯಲ್ಲಿ ಗಿಡಗಳಿಗೆ ಕೀಟನಾಶಕ ಹೊಡೆದರೆ ಮರಿಗಳ ಅನ್ನವನ್ನೇ ಕಸಿದಂತಾಗುತ್ತದೆ. ಬೇಸಿಗೆಯಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ದಿನವೂ ಹೊಸ ನೀರಿಡಿ.

ಪಾರಿವಾಳಗಳು ಮುತ್ತಿಕೊಂಡು ಸಣ್ಣ ಹಕ್ಕಿಗಳನ್ನು ಓಡಿಸತೊಡಗಿದರೆ, ಅಥವಾ ಯಾವುದಾದರೂ ಹಕ್ಕಿ ಮೈ ಉಬ್ಬಿಸಿಕೊಂಡು ಹಾರದೆ ಕುಳಿತಿದ್ದರೆ, ಎರಡು ವಾರ ಕಾಳು ಇಡುವುದನ್ನು ಪೂರ್ತಿ ನಿಲ್ಲಿಸಿ. ಊರಿಗೆ ಹೋಗುವುದಾದರೆ ಕೆಲವು ದಿನ ಮೊದಲೇ ಕಡಿಮೆ ಮಾಡುತ್ತಾ ಬಂದು, ತಟ್ಟೆಯನ್ನು ಕವುಚಿಟ್ಟು ಹೋಗಿ. ಅವುಗಳಿಗೆ ನಮ್ಮ ಹಿತ್ತಲೊಂದೇ ಆಸರೆಯಲ್ಲ. ಮಳೆ ಹಿಂದೆ ಸರಿದು ಪಕ್ಕದ ಖಾಲಿ ನಿವೇಶನದ ಹುಲ್ಲು ತೆನೆಗಟ್ಟಿತೆಂದರೆ, ರಾಟವಾಳಗಳು ನಾನಿಟ್ಟ ನವಣೆಯನ್ನು ಬಿಟ್ಟು ವಾರಗಟ್ಟಲೆ ಅಲ್ಲಿಯೇ ಇರುತ್ತವೆ.