ಕಾಂಟೆಸ್ಸಾ 'ಕಿಟ್': ಸೆಲ್ಫ್ ಹೊಡೆದಾಗ ಮೂತಿಯ ಕೆಂಪು ದೀಪ ನಿಂತುಹೋಗುವುದಕ್ಕೆ

'ನೈಟ್ ರೈಡರ್' ಟಿವಿ ಸೀರಿಯಲ್‌ನ ಕಾರು 'ಕಿಟ್' ಥರ ನಿಮ್ಮ ಕಾಂಟೆಸ್ಸಾದ ಮೂತಿಗೆ ಹಾಕಿರುವ ಓಡುವ ಕೆಂಪು ದೀಪ ಸೆಲ್ಫ್ ಹೊಡೆದಾಗ ನಿಂತುಹೋಗುತ್ತದೆ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಓಡುತ್ತದೆ ಅಂದಿದ್ದೀರಿ. ಹಾಗಾದರೆ ಎಲ್ಇಡಿ ಪಟ್ಟಿ ಕೆಟ್ಟಿಲ್ಲ. ಸೆಲ್ಫ್ ಹೊಡೆದಾಗ ವೋಲ್ಟೇಜ್ ಕುಸಿದು, ದೀಪ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೊ ಹ್ಯಾಂಗ್ ಆಗುತ್ತಿರಬೇಕು. ಬ್ಯಾಟರಿಯ ವೋಲ್ಟೇಜ್ ಇಳಿಸಿ ಬೋರ್ಡಿಗೆ ಕೊಡಲು ನೀವು ಹಾಕಿರುವ 7805 ರೆಗ್ಯುಲೇಟರ್‌ಗೆ 5 ವೋಲ್ಟ್ ಕೊಡಲು ಹೆಚ್ಚುಕಡಿಮೆ 7 ವೋಲ್ಟ್ ಒಳಗೆ ಬರಬೇಕು.

ಮೊದಲು ಬ್ಯಾಟರಿ ಟರ್ಮಿನಲ್‌ಗೇ ಮಲ್ಟಿಮೀಟರ್ ಹಿಡಿದು ಸೆಲ್ಫ್ ಹೊಡೆಸಿ. 9.6 ವೋಲ್ಟ್‌ಗಿಂತ ಕೆಳಗೆ ಹೋದರೆ ಬ್ಯಾಟರಿ ಟೆಸ್ಟ್ ಮಾಡಿಸಿ, ಮಿಕ್ಕಿದ್ದೆಲ್ಲ ಆಮೇಲೆ. ಅಲ್ಲಿ ಸರಿಯಿದ್ದು ಬೋರ್ಡ್ ಹತ್ತಿರ ಮಾತ್ರ ಜಾಸ್ತಿ ಇಳಿದರೆ ಅರ್ಥಿಂಗ್ (ಬಾಡಿಗೆ ಕೊಟ್ಟಿರುವ ನೆಗೆಟಿವ್ ಜೋಡಣೆ) ನೋಡಿ. ಹೊಸದಾಗಿ ಕಪ್ಪು ಬಣ್ಣ ಹೊಡೆಸಿದ್ದೀರಲ್ವಾ, ಬೋಲ್ಟ್ ಕೆಳಗೆ ಬಣ್ಣ ಕೂತಿದ್ದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಬಾಡಿ ನಂಬದೆ ಬ್ಯಾಟರಿ ನೆಗೆಟಿವ್‌ನಿಂದಲೇ ವೈರ್ ಎಳೆಯಿರಿ.

ಎರಡೂ ಸರಿಯಿದ್ದರೆ 7805 ತೆಗೆದುಬಿಡಿ. ಮೀಟರ್ ಹಿಡಿಯುವಷ್ಟರಲ್ಲಿ ಮುಗಿದುಹೋಗುವ ಕುಸಿತವೂ ಇರುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಕ್-ಬೂಸ್ಟ್ ಕನ್ವರ್ಟರ್ ಕೇಳಿ, ಅದು ವೋಲ್ಟೇಜ್ ಇಳಿಸುವುದೂ ಏರಿಸುವುದೂ ಎರಡನ್ನೂ ಮಾಡುತ್ತದೆ. ಬರೀ ಇಳಿಸುವ ಬಕ್ ಕೊಟ್ಟರೆ ಬೇಡ ಅನ್ನಿ. ಬಕ್-ಬೂಸ್ಟ್‌ನ ಸ್ಕ್ರೂ ತಿರುಗಿಸಿ ಔಟ್‌ಪುಟ್ 5 ವೋಲ್ಟ್‌ಗೆ ನಿಲ್ಲಿಸಿ, ಆಮೇಲೆ ಬೋರ್ಡಿನ 5ವಿ ಪಿನ್‌ಗೆ ಕೊಡಿ, ವಿನ್ (Vin) ಪಿನ್‌ಗೆ ಅಲ್ಲ. ಬ್ಯಾಟರಿ ಪಕ್ಕದಲ್ಲೇ ಪಾಸಿಟಿವ್‌ಗೆ ಫ್ಯೂಸ್ ಹಾಕಿ. ಇಷ್ಟಾದರೂ ನಿಂತರೆ ಸ್ಟಾರ್ಟರ್ ಮೋಟಾರಿನ ವಿದ್ಯುತ್ ಗದ್ದಲ (ನಾಯ್ಸ್) ಸಿಗ್ನಲ್ ವೈರಿಗೆ ನುಗ್ಗುತ್ತಿರಬಹುದು, ಆದರೆ ವೈರಿಂಗ್ ನೋಡದೆ ಖಚಿತವಾಗಿ ಹೇಳಲಾರೆ. ಫೋಟೊ ಹಾಕಿ.

ಅಂದಹಾಗೆ 'ನೈಟ್ ರೈಡರ್'ನ ಪಾಂಟಿಯಾಕ್ ಫೈರ್‌ಬರ್ಡ್ ಏನಾದರೂ ಮಾಡಿಕೊಳ್ಳಲಿ, ನಮ್ಮಲ್ಲಿ ಮುಂದಕ್ಕೆ ಕೆಂಪು ದೀಪ ತೋರಿಸುವುದು ನಿಯಮಕ್ಕೆ ವಿರುದ್ಧ. ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಇಟ್ಟು, ರಸ್ತೆಗಿಳಿಯುವ ಮುಂಚೆ ಆಫ್ ಮಾಡಿ.