ಫೋಮ್ ವಿಮಾನಕ್ಕೆ ಟೇಪ್ ಹಿಂಜ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ಒಂಬತ್ತನೇ ಕ್ಲಾಸಿನ ಮಗನ ಜೊತೆ ಸೇರಿ 5 ಮಿ.ಮೀ. ಫೋಮ್‌ಬೋರ್ಡ್‌ನಲ್ಲಿ ಒಂದು ಮೀಟರ್ ರೆಕ್ಕೆಯ ರೇಡಿಯೊ ಕಂಟ್ರೋಲ್ ವಿಮಾನ ಮಾಡಿದ್ದೇನೆ. ಏಲರಾನ್ (ರೆಕ್ಕೆಯ ಹಿಂಬದಿಯಲ್ಲಿ ಮೇಲೆ-ಕೆಳಗೆ ಬಗ್ಗುವ ಪಟ್ಟಿ) ಕತ್ತರಿಸುವಾಗ ಬೋರ್ಡಿನ ಮೇಲಿನ ಕಾಗದವನ್ನು ಹಾಗೇ ಬಿಟ್ಟು, ಅದನ್ನೇ ಹಿಂಜ್ (ಬಾಗಿಲಿಗಿರುವಂಥ ಮಡಚುವ ಕೀಲು) ಮಾಡಿಕೊಂಡಿದ್ದೆವು. ಮಳೆ ಶುರುವಾದ ಮೇಲೆ ಕಾಗದ ಮೆತ್ತಗಾಗಿ ಹರಿಯಿತು. ಅದರ ಮೇಲೆ ಟೇಪ್ ಹಚ್ಚಿದರೆ ಅದೂ ತುದಿಯಿಂದ ಏಳುತ್ತಿದೆ. ನೈಲಾನ್ ಹಿಂಜ್ ಹಾಕಲಾ?
— ಓದುಗರು, ಸುರತ್ಕಲ್

ಉತ್ತರ: ನೈಲಾನ್ ಬೇಡ. ಅದನ್ನು ಕೂರಿಸಲು ಫೋಮನ್ನು ಸೀಳಬೇಕು. ಐದು ಮಿ.ಮೀ. ಬೋರ್ಡ್ ಸೀಳಿದ ಕಡೆ ಸಡಿಲವಾಗುತ್ತದೆ. ಎರಡು ಹಿಂಜ್‌ಗಳ ನಡುವೆ ಸಂದು ಬೇರೆ ಉಳಿಯುತ್ತದೆ. ಟೇಪ್ ಹಾಗಲ್ಲ, ಏಲರಾನನ್ನು ಉದ್ದಕ್ಕೂ ಹಿಡಿದುಕೊಳ್ಳುತ್ತದೆ, ಸಂದನ್ನೂ ಮುಚ್ಚುತ್ತದೆ. ಟೇಪ್ ಅಂದರೆ ತಾತ್ಕಾಲಿಕ ಕೆಲಸ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಫೋಮ್ ವಿಮಾನದ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಹಿಂಜ್ ಇಲ್ಲ ಅಂತಲೇ ನಾನು ಹೇಳುತ್ತೇನೆ.

ನಿಮ್ಮ ಟೇಪ್ ಯಾಕೆ ಏಳುತ್ತಿದೆ ನೋಡಿ. ಟೇಪ್ ಹಿಡಿದಿರುವುದು ಕಾಗದವನ್ನು, ಕಾಗದ ಹಿಡಿದಿರುವುದು ಫೋಮನ್ನು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ, ಇನ್ನು ಕಾಗದದ ಕಥೆ ಕೇಳಬೇಕಾ? ಟೇಪಿನ ಅಂಟು ಎಷ್ಟೇ ಚೆನ್ನಾಗಿದ್ದರೂ ಕೆಳಗಿನ ಕಾಗದವೇ ಬಿಟ್ಟುಕೊಂಡರೆ ಏನೂ ಮಾಡುವ ಹಾಗಿಲ್ಲ.

ಹಾಗಾಗಿ ಮೊದಲು ಹಳೇ ಟೇಪ್ ತೆಗೆಯಿರಿ. ಮೇಲಕ್ಕೆ ಎಳೆಯಬೇಡಿ, ಫೋಮ್ ಕಿತ್ತು ಬರುತ್ತದೆ. ಬೋರ್ಡಿಗೆ ಒರಗಿದ ಹಾಗೆ ಹಿಂದಕ್ಕೆ ಮಡಚಿಕೊಂಡು ನಿಧಾನ ಎಳೆಯಿರಿ. ಹರಿದ ಕಾಗದವನ್ನು ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ತೆಗೆಯಿರಿ. ಬಿಸಿಲು ಬಿದ್ದ ದಿನ ಬೋರ್ಡ್ ಒಣಗಿಸಿ. ಬಿಸಿಲೇ ಇಲ್ಲದಿದ್ದರೆ ಹೇರ್ ಡ್ರೈಯರನ್ನು ದೂರ ಹಿಡಿದು ಒಣಗಿಸಬಹುದು. ಆಮೇಲೆ ಹಿಂಜ್ ಬರುವ ಜಾಗದ ಕಾಗದಕ್ಕೆ ನೀರು ಬೆರೆಸುವ ಜಾತಿಯ ವಾರ್ನಿಷ್ ತೆಳ್ಳಗೆ ಒಂದು ಕೋಟ್ ಹಚ್ಚಿ, ಪೂರ್ತಿ ಒಣಗಲು ಬಿಡಿ. ಥಿನ್ನರ್ ಹಾಕುವ ವಾರ್ನಿಷ್ ಫೋಮಿಗೆ ತಾಗಿದರೆ ಅಲ್ಲೇ ಕರಗಿಸಿಬಿಡುತ್ತದೆ. ಪೆಟ್ರೋಲ್‌ನಲ್ಲಿ ಒರೆಸುವುದೂ ಬೇಡ. ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಮಗ ಆ ಜಾಗ ಮುಟ್ಟದ ಹಾಗೆ ನೋಡಿಕೊಳ್ಳಿ.

ಈಗ ಏಲರಾನ್. ಅದರ ಮುಂದಿನ ಅಂಚನ್ನು ಕೆಳಗಡೆಯಿಂದ 45 ಡಿಗ್ರಿ ಓರೆಯಾಗಿ ಕತ್ತರಿಸಿ ಉಜ್ಜಿ. ಚೂಪಾದ ಅಂಚು ಮೇಲ್ಗಡೆ ಉಳಿಯಬೇಕು. ಈ ಓರೆ ಇಲ್ಲದಿದ್ದರೆ ಏಲರಾನ್ ಕೆಳಗೆ ಬಗ್ಗುವಾಗ ರೆಕ್ಕೆಗೆ ಒತ್ತಿ, ಟೇಪನ್ನು ಪ್ರತಿ ಸಲವೂ ಎಳೆಯುತ್ತದೆ.

ಟೇಪ್ ಯಾವುದು? ಒಳ್ಳೆಯ ಪಾರದರ್ಶಕ ಪ್ಯಾಕಿಂಗ್ ಟೇಪ್. ಎರಡು ಇಂಚಿನದನ್ನು ಗಾಜಿನ ಮೇಲೆ ಅಂಟಿಸಿ, ಸ್ಟೀಲ್ ಸ್ಕೇಲ್ ಇಟ್ಟು ಉದ್ದಕ್ಕೆ ಅರ್ಧ ಮಾಡಿ. ಆ ಟೇಪಿನ ಹಾಳೆ ಪಾಲಿಪ್ರೊಪಿಲೀನ್. ಶಾಂಪೂ ಬಾಟಲಿಯ ಮುಚ್ಚಳದಲ್ಲಿ ಮಡಚುವ ಜಾಗವೂ ಅದೇ ಪ್ಲಾಸ್ಟಿಕ್, ಎಷ್ಟು ಸಲ ಮಡಚಿದರೂ ತುಂಡಾಗುವುದಿಲ್ಲ ಅಲ್ವಾ? ವೈರಿಗೆ ಸುತ್ತುವ ಇನ್ಸುಲೇಶನ್ ಟೇಪ್ ಮಾತ್ರ ಬೇಡವೇ ಬೇಡ. ಅದು ಹಿಗ್ಗುತ್ತದೆ, ಸೆಕೆಗೆ ಅಂಟು ಜಾರುತ್ತದೆ. ನೂಲು ಇರುವ ಫೈಬರ್ ಟೇಪ್ ಗಟ್ಟಿ ಹೌದು. ಆದರೆ ನೂಲುಗಳು ಟೇಪಿನ ಉದ್ದಕ್ಕೆ ಓಡುತ್ತವೆ. ಹಿಂಜ್ ಉದ್ದಕ್ಕೆ ಹಚ್ಚಿದರೆ ಆ ಗಟ್ಟಿತನ ಸುಮ್ನೆ ದಂಡ. ಅದನ್ನು ರೆಕ್ಕೆಯ ಅಡಿಗೆ, ತುದಿಯಿಂದ ತುದಿಗೆ ಹಚ್ಚಿ. ಅಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಹಚ್ಚುವಾಗ ರೆಕ್ಕೆಯನ್ನು ಮೇಜಿನ ಅಂಚಿಗೆ ಇಡಿ. ಏಲರಾನ್ ಪೂರ್ತಿ ಕೆಳಗೆ ಬಗ್ಗಿರಲಿ. ಎರಡರ ಅಂಚಿನ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟು ಮೇಲಿನ ಟೇಪ್ ಹಚ್ಚಿ. ಎಳೆದು ಹಚ್ಚಬೇಡಿ. ಎಳೆದ ಟೇಪ್ ಮತ್ತೆ ಕುಗ್ಗಲು ನೋಡುತ್ತದೆ, ಮಾರನೇ ದಿನ ರೆಕ್ಕೆಯ ಅಂಚು ಡೊಂಕಾಗಿರುತ್ತದೆ. ಮಧ್ಯದಿಂದ ಶುರು ಮಾಡಿ ಎರಡು ತುದಿಗೂ ಹೆಬ್ಬೆರಳಲ್ಲಿ ಒತ್ತುತ್ತಾ ಹೋಗಿ.

ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ನಿಲ್ಲಿಸಬಾರದು ಮಾರಾಯ್ರೆ! ಏಲರಾನನ್ನು ಮೇಲಕ್ಕೆ ಎತ್ತಿ, ಪೂರ್ತಿ ಮಡಚಿ ರೆಕ್ಕೆಯ ಮೇಲೆ ಮಲಗಿಸಿ. ಈಗ ಸಂದಿನಲ್ಲಿ ಮೊದಲ ಟೇಪಿನ ಅಂಟಿನ ಬದಿ ಸಣ್ಣ ಗೆರೆಯಾಗಿ ಕಾಣುತ್ತದೆ. ಧೂಳು, ಮರಳು, ಹುಲ್ಲಿನ ಚೂರು ಕೂರುವುದು ಅಲ್ಲೇ. ಎರಡನೇ ಟೇಪನ್ನು ಒಳಗಿನಿಂದ ಹಚ್ಚಿ: ಅರ್ಧ ರೆಕ್ಕೆಯ ಹಿಂಬದಿಗೆ, ಅರ್ಧ ಏಲರಾನಿನ ಓರೆಗೆ. ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೂಲೆಗೆ ಒತ್ತಿದರೆ ಎರಡು ಟೇಪ್‌ಗಳ ಅಂಟು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಆ ಗೆರೆಯ ಬಿಳಿ ಮಬ್ಬು ಹೋಗಿ ಗಾಜಿನಂತೆ ತಿಳಿಯಾದರೆ ಸರಿಯಾಗಿ ಕೂತಿದೆ ಎಂದರ್ಥ. ಬಿಳಿ ಉಳಿದ ಕಡೆ ಒಳಗೆ ಗಾಳಿ ಇದೆ, ಇನ್ನೊಮ್ಮೆ ಒತ್ತಿ.

ತುದಿ ಏಳುವುದಕ್ಕೆ ಮದ್ದು ಸುಲಭ. ಹಚ್ಚುವ ಮೊದಲೇ ಟೇಪಿನ ಮೂಲೆಗಳನ್ನು ಕತ್ತರಿಯಲ್ಲಿ ಗುಂಡಗೆ ಮಾಡಿ, ಚೌಕ ಮೂಲೆಯೇ ಮೊದಲು ಏಳುವುದು. ಎರಡು ತುದಿಗೆ ಮತ್ತು ಕಂಟ್ರೋಲ್ ಹಾರ್ನ್ (ಏಲರಾನಿಗೆ ಕೂರಿಸಿದ ಸಣ್ಣ ಕೊಂಬು) ಪಕ್ಕಕ್ಕೆ ಒಂದೊಂದು ಗಿಡ್ಡ ತುಂಡು ಅಡ್ಡ ಹಚ್ಚಿ. ಸರ್ವೋ (ಏಲರಾನ್ ಆಡಿಸುವ ಪುಟ್ಟ ಮೋಟಾರು) ತಳ್ಳುವ ಬಲ ಎಲ್ಲ ಬೀಳುವುದು ಹಾರ್ನ್ ಹತ್ತಿರ.

ಪುಶ್‌ರಾಡ್ (ಸರ್ವೋದಿಂದ ಹಾರ್ನಿಗೆ ಹೋಗುವ ಕಡ್ಡಿ) ಜೋಡಿಸುವ ಮೊದಲು ಏಲರಾನ್ ಎತ್ತಿ ಕೈ ಬಿಡಿ. ತನ್ನ ಭಾರಕ್ಕೆ ತಾನೇ ಬೀಳಬೇಕು. ಬೀಳದಿದ್ದರೆ ಹಿಂಜ್ ಬಿಗಿ. ಹಾಗೇ ಜೋಡಿಸಿದರೆ 9 ಗ್ರಾಂ ಸರ್ವೋ ಸುಮ್ಮನಿರುವಾಗಲೂ ಗುಂಯ್‌ಗುಡುತ್ತಾ ಬ್ಯಾಟರಿ ತಿನ್ನುತ್ತದೆ.

ಸುರತ್ಕಲ್‌ನವರು ಅಂದಿರಿ. ಬಜ್ಪೆ ವಿಮಾನ ನಿಲ್ದಾಣ ನಿಮಗೆ ದೂರವೇನಲ್ಲ. ಗದ್ದೆಗೆ ಹೋಗುವ ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಡ್ರೋನ್ ಹಾರಿಸಲು ಎಲ್ಲಿ ಅನುಮತಿ ಬೇಕು ಎಂದು ಬಣ್ಣದಲ್ಲಿ ತೋರಿಸುವ ಸರ್ಕಾರಿ ನಕ್ಷೆ) ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿ. ಹಾರಿಸುವುದು ಬೆಳಿಗ್ಗೆಯೇ ಆಗಲಿ, ಮಧ್ಯಾಹ್ನ ಕಡಲ ಗಾಳಿ ಎದ್ದರೆ ಮಗನ ಕೈಗೆ ಅದು ಜಾಸ್ತಿಯಾಗುತ್ತದೆ.

ಪ್ರಶ್ನೆ: ಹಗುರವಾದ ಬಾಲ್ಸಾ ಮರದಲ್ಲಿ ಎರಡು ಮೀಟರ್ ಗ್ಲೈಡರ್ (ಇಂಜಿನ್ ಇಲ್ಲದ ವಿಮಾನ) ಮಾಡುತ್ತಿದ್ದೇನೆ. ಬಾಲ್ಸಾಗೂ ಟೇಪ್ ಹಿಂಜ್ ನಡೆಯುತ್ತದಾ? ಸಂದು ಸ್ವಲ್ಪ ಉಳಿದರೆ ಏನಾಗುತ್ತದೆ?
— ವಿದ್ಯಾರ್ಥಿ, ಮಣಿಪಾಲ

ಉತ್ತರ: ನಡೆಯುತ್ತದೆ. ಗ್ಲೈಡರ್‌ಗೆ ನಾನು ಮೊದಲು ಹೇಳುವುದೇ ಅದು. ಆದರೆ ಬರೀ ಬಾಲ್ಸಾ ಮೇಲೆ ಹಚ್ಚಬೇಡಿ, ಮರದ ಪುಡಿಯೇ ಅಂಟಿಗೆ ಮೆತ್ತಿಕೊಳ್ಳುತ್ತದೆ. ರೆಕ್ಕೆಗೂ ಏಲರಾನ್‌ಗೂ ಬೇರೆ ಬೇರೆಯಾಗಿ ಕವರಿಂಗ್ ಫಿಲ್ಮ್ (ಬಿಸಿಗೆ ಅಂಟುವ ತೆಳು ಪ್ಲಾಸ್ಟಿಕ್ ಹಾಳೆ) ಇಸ್ತ್ರಿ ಮಾಡಿ, ಓರೆ ಅಂಚಿಗೂ ಫಿಲ್ಮ್ ಬರಲಿ. ಆಮೇಲೆ ಫಿಲ್ಮ್ ಮೇಲೆ ಟೇಪ್.

ಸಂದು ಉಳಿದರೆ ರೆಕ್ಕೆಯ ಕೆಳಗಿನ ಒತ್ತಡದ ಗಾಳಿ ಅದರ ಮೂಲಕ ಮೇಲಕ್ಕೆ ನುಗ್ಗುತ್ತದೆ. ಏಲರಾನ್ ಬಗ್ಗಿಸಿದಷ್ಟು ವಿಮಾನ ತಿರುಗುವುದಿಲ್ಲ, ಗಾಳಿಯ ಎಳೆತವೂ ಹೆಚ್ಚುತ್ತದೆ. ಅದಕ್ಕಿಂತ ಅಪಾಯದ್ದು ಹಿಂಜ್ ಸಡಿಲ ಇರುವುದು. ವೇಗ ಏರಿದಾಗ ಏಲರಾನ್ ತಾನಾಗಿ ಪಟಪಟ ನಡುಗಲು ಶುರುವಾಗುತ್ತದೆ. ಇದೇ ಫ್ಲಟರ್. ಕೆಳಗೆ ನಿಂತವರಿಗೆ ಝರ್ರ್ ಅಂತ ಕೇಳಿಸುತ್ತದೆ. ಆ ಶಬ್ದ ಬಂದ ಕೂಡಲೇ ಮೂತಿಯನ್ನು ಮೆಲ್ಲಗೆ ಎತ್ತಿ ವೇಗ ಇಳಿಸಿ, ಸೀದಾ ಇಳಿಸಿಬಿಡಿ. ಹಿಂಜ್, ಹಾರ್ನ್, ಪುಶ್‌ರಾಡ್ ಮೂರನ್ನೂ ನೋಡದೆ ಮತ್ತೆ ಎಸೆಯಬೇಡಿ.

ಇಂಧನದ ಇಂಜಿನ್ ಇರುವ ಬಾಲ್ಸಾ ವಿಮಾನವಾದರೆ ಟೇಪ್ ಬೇಡ. ಹೊಗೆಯ ಜೊತೆ ಬರುವ ಎಣ್ಣೆ ಅಂಟನ್ನು ಬಿಡಿಸುತ್ತದೆ. ಅಲ್ಲಿ ನೈಲಾನ್ ಹಿಂಜೇ ಸರಿ.

ಪ್ರಶ್ನೆ: ಮೆಡಿಕಲ್ ಶಾಪಿನಲ್ಲಿ ಸಿಗುವ ಬಿಳಿ ಟೇಪ್ ಆಗುತ್ತದಾ?
— ಓದುಗರು, ಕುಂದಾಪುರ

ಉತ್ತರ: ಕಾಗದದ ಹಾಗಿರುವ ಬಿಳಿ ಟೇಪ್ ಆಗುವುದಿಲ್ಲ, ಅದು ನೀರು ಹೀರುತ್ತದೆ. ತೂತಿಲ್ಲದ, ಮೆತ್ತಗಿನ ಪಾರದರ್ಶಕ ಪ್ಲಾಸ್ಟಿಕ್ ಟೇಪ್ ಕೇಳಿ. 3ಎಂ ಕಂಪನಿಯ ಬ್ಲೆಂಡರ್ಮ್ ಅಂಥದ್ದು. ಗ್ಲೈಡರ್ ಹಾರಿಸುವವರು ಅದನ್ನು ಹಿಂದಿನಿಂದಲೂ ಬಳಸುತ್ತಾ ಬಂದಿದ್ದಾರೆ. ಪ್ಯಾಕಿಂಗ್ ಟೇಪಿಗಿಂತ ಮೆತ್ತಗೆ ಬಗ್ಗುತ್ತದೆ, ಸಣ್ಣ ಸರ್ವೋಗೆ ಹಗುರ. ಬೆಲೆ ಜಾಸ್ತಿ. ಸಿಗದಿದ್ದರೆ ಪ್ಯಾಕಿಂಗ್ ಟೇಪೇ ಹಚ್ಚಿ, ಆದರೆ ಸೆಕೆಗೆ ಅಂಟು ಬಿಡದ ಹಾಗೆ ವಿಮಾನವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.