ಫ್ರಾಟರ್ನಿಟಿ ಅಮಾನತಾದರೆ ಮಗನ ವೀಸಾ ಹೋಗುತ್ತಾ?

ಪ್ರಶ್ನೆ: ಮೇಡಂ, ನನ್ನ ಮಗ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ ಓದುತ್ತಿದ್ದಾನೆ. ಅಲ್ಲಿ ಒಂದು ಫ್ರಾಟರ್ನಿಟಿ (ಹುಡುಗರ ಸಂಘ) ಸೇರಿ, ಅವರ ಮನೆಯಲ್ಲೇ ಬಾಡಿಗೆಗೆ ಇದ್ದಾನೆ. ಹೊಸ ಹುಡುಗರಿಗೆ ಬಲವಂತವಾಗಿ ಕುಡಿಸಿದರು ಎಂದು ದೂರು ಹೋಗಿ, ಆ ಸಂಘದ ಅಲ್ಲಿನ ಶಾಖೆಯನ್ನು, ಅಂದರೆ ಚಾಪ್ಟರನ್ನು, ತಾತ್ಕಾಲಿಕವಾಗಿ ಅಮಾನತು ಮಾಡಿದ್ದಾರೆ. ಮಗನನ್ನೂ ವಿಚಾರಣೆಗೆ ಕರೆದಿದ್ದಾರೆ. 'ಆ ರಾತ್ರಿ ನಾನು ಲೈಬ್ರರಿಯಲ್ಲಿದ್ದೆ' ಅನ್ನುತ್ತಾನೆ. ವಿಶ್ವವಿದ್ಯಾಲಯಕ್ಕೆ ಇಮೇಲ್ ಮಾಡಿದರೆ ನಮಗೆ ಏನೂ ಹೇಳುತ್ತಿಲ್ಲ. ಅವನ ಓದು, ವೀಸಾ ಏನಾಗುತ್ತದೆ?
– ಹೆಸರು ಬೇಡ

ಉತ್ತರ: ಅಲ್ಲಿ ಪಾಠ ಮಾಡುತ್ತಿದ್ದಾಗ ಇಂಥ ಶಿಸ್ತು ಸಮಿತಿಯಲ್ಲಿ ಕೂತವಳು ನಾನು. ಅದಕ್ಕೇ ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಚಾಪ್ಟರಿನ ಕೇಸು ಬೇರೆ, ನಿಮ್ಮ ಮಗನ ಕೇಸು ಬೇರೆ. ಚಾಪ್ಟರ್ ಮಾನ್ಯತೆ ಕಳೆದುಕೊಂಡರೆ ಪಾರ್ಟಿ ಇಲ್ಲ, ಹೊಸಬರ ಸೇರ್ಪಡೆ ಇಲ್ಲ, ಅಷ್ಟೆ. ಅದರಿಂದ ಯಾರ ವೀಸಾವೂ ಹೋಗುವುದಿಲ್ಲ. ಆದರೆ ಹುಡುಗನನ್ನೇ ಒಂದು ಸೆಮಿಸ್ಟರ್ ಅಮಾನತು ಮಾಡಿದರೆ ಕಷ್ಟ. ಪೂರ್ಣಾವಧಿ ಓದುತ್ತಿರಬೇಕು ಅನ್ನುವುದರ ಮೇಲೇ ಎಫ್-1 ವಿದ್ಯಾರ್ಥಿ ವೀಸಾ ನಿಂತಿದೆ. ಹಾಗಾಗಿ ವಿಚಾರಣೆಗೆ ಮೊದಲೇ ಅವನು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಮಾತಾಡಲಿ.

ನೋಟಿಸನ್ನು ಅವನು ಪೂರ್ತಿ ಓದಿದ್ದಾನಾ, ಕೇಳಿ. ಅವನ ಮೇಲೇ ಆರೋಪ ಇದೆಯೋ, ಸಾಕ್ಷಿಯಾಗಿ ಮಾತ್ರ ಕರೆದಿದ್ದಾರೋ? ಎರಡಕ್ಕೂ ಅಜಗಜಾಂತರ.

ಇನ್ನು ನನಗೆ ಭಯ ಇರುವುದು ಅವನ 'ಬ್ರದರ್'ಗಳ, ಅಂದರೆ ಫ್ರಾಟರ್ನಿಟಿಯ ಜೊತೆಗಾರರ ಬಗ್ಗೆ. ಎಲ್ಲರೂ ಒಂದೇ ಮಾತು ಹೇಳೋಣ ಎಂದು ಮೊದಲೇ ಗಿಣಿಪಾಠ ಒಪ್ಪಿಸಿಕೊಂಡು ಬರುತ್ತಾರೆ. ಐದನೆಯವನೂ ಅದದೇ ಪದ ಹೇಳಿದಾಗ ಸಮಿತಿಯಲ್ಲಿ ಕೂತವರು ಮುಖ ಮುಖ ನೋಡಿಕೊಳ್ಳುತ್ತೇವೆ. ಇದು ಕೋರ್ಟ್ ಅಲ್ಲ, 'ಸಂಶಯಕ್ಕೆ ಎಡೆಯಿಲ್ಲದಂತೆ' ಸಾಬೀತಾಗಬೇಕಿಲ್ಲ. ಬಹುತೇಕ ಕಡೆ, ನಡೆದಿಲ್ಲ ಅನ್ನುವುದಕ್ಕಿಂತ ನಡೆದಿರುವ ಸಾಧ್ಯತೆಯೇ ಜಾಸ್ತಿ ಅನ್ನಿಸಿದರೆ ಸಾಕು. ಲೈಬ್ರರಿಯಲ್ಲಿದ್ದದ್ದು ನಿಜವಾದರೆ, ಒಳಗೆ ಹೋಗುವಾಗ ಕಾರ್ಡ್ ಉಜ್ಜಿದ ದಾಖಲೆಯೋ ಇನ್ನೊಂದೋ ಇದ್ದೀತು. ಅದನ್ನು ತೆಗೆಸಿಕೊಳ್ಳಲಿ.

ಫೋನಿನ ಒಂದು ಮೆಸೇಜನ್ನೂ ಅಳಿಸಬಾರದು. 2017ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀಟಾ ಥೀಟಾ ಪೈ ಎಂಬ ಫ್ರಾಟರ್ನಿಟಿಯ ಮನೆಯಲ್ಲಿ ಹೊಸದಾಗಿ ಸೇರಿದ 19 ವರ್ಷದ ಟಿಮೊಥಿ ಪಿಯಾಜ್ಜಾ ಎಂಬ ಹುಡುಗನಿಗೆ ಕುಡಿಸಿದರು. ಅವನು ಮೆಟ್ಟಿಲಿಂದ ಬಿದ್ದ. ಬೆಳಗಾಗುವವರೆಗೂ ಯಾರೂ ಆಂಬುಲೆನ್ಸ್ ಕರೆಯಲಿಲ್ಲ, ಹುಡುಗ ಉಳಿಯಲಿಲ್ಲ. ಆ ಮನೆಯ ನೆಲಮಾಳಿಗೆಯ ಕ್ಯಾಮೆರಾದಲ್ಲಿ ಅಳಿಸಿದ್ದ ದೃಶ್ಯಗಳನ್ನು ಎಫ್‌ಬಿಐ ಮತ್ತೆ ಹೊರಗೆ ತೆಗೆಯಿತು. ವಿಶ್ವವಿದ್ಯಾಲಯ ಆ ಚಾಪ್ಟರನ್ನು ಶಾಶ್ವತವಾಗಿ ಮುಚ್ಚಿಸಿತು. ಮರುವರ್ಷ ಆ ಹುಡುಗನ ಹೆಸರಲ್ಲೇ ಪೆನ್ಸಿಲ್ವೇನಿಯಾ ರಾಜ್ಯ ಇಂಥ ಹಿಂಸೆಯ ವಿರುದ್ಧ ಕಾನೂನು ತಂದಿತು. 2024ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೇ ಒಂದು ಕಾನೂನಾಯಿತು: ತಪ್ಪು ಸಾಬೀತಾದ ಸಂಘಗಳ ಹೆಸರನ್ನು ವಿಶ್ವವಿದ್ಯಾಲಯಗಳು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ವಿದ್ಯಾರ್ಥಿಗಳ ಹೆಸರು ಅದರಲ್ಲಿ ಬರುವುದಿಲ್ಲ, ಅಷ್ಟು ಸಮಾಧಾನ ಇರಲಿ.

ನಿಮಗೆ ಉತ್ತರ ಬಾರದಿರುವುದು ಸೊಕ್ಕಿನಿಂದಲ್ಲ. ಕಾಲೇಜು ಸೇರಿದ ಮೇಲೆ ದಾಖಲೆಗಳ ಹಕ್ಕು ವಿದ್ಯಾರ್ಥಿಯದು, ಫೀಸು ಕಟ್ಟಿದ ಅಪ್ಪ ಅಮ್ಮನದಲ್ಲ! ಮಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ನಿಮ್ಮ ಜೊತೆ ಮಾತಾಡುತ್ತಾರೆ. ಸಹಿಗೆ ಅವನು ಹಿಂದೆ ಮುಂದೆ ನೋಡಿದರೆ, ಲೈಬ್ರರಿ ಕತೆಯನ್ನು ಇನ್ನೊಮ್ಮೆ ಕೇಳಿ. ಬೈಯದೆ ಕೇಳಿ.

ವಿಚಾರಣೆಗೆ ಸಾಮಾನ್ಯವಾಗಿ ಒಬ್ಬ ಸಲಹೆಗಾರರನ್ನು ಜೊತೆಗೆ ಕರೆದೊಯ್ಯಬಹುದು. ಚಾಪ್ಟರ್ ಗೊತ್ತುಮಾಡಿದ ವಕೀಲರು ಮಾತ್ರ ಬೇಡ, ಅವರು ಕಾಯುವುದು ಚಾಪ್ಟರನ್ನು. ತೀರ್ಪು ಸರಿಯಿಲ್ಲ ಅನ್ನಿಸಿದರೆ ಮೇಲ್ಮನವಿ ಇದೆ. ಆದರೆ ಗಡುವು ಕೆಲವೇ ದಿನ, ನೋಟಿಸಿನಲ್ಲಿ ನೋಡಿಕೊಳ್ಳಲಿ.

ಮನೆಯ ವಿಷಯ. ಚಾಪ್ಟರ್ ಮುಚ್ಚಿತು ಎಂದು ಬಾಡಿಗೆ ನಿಲ್ಲಿಸಿಬಿಡಬೇಡಿ. ಇಂಥ ಎಷ್ಟೋ ಮನೆಗಳು ಹಳೇ ವಿದ್ಯಾರ್ಥಿಗಳ ಸಂಸ್ಥೆಯ ಹೆಸರಲ್ಲಿರುತ್ತವೆ. ಕರಾರಿಗೆ ಯಾರು ಸಹಿ ಹಾಕಿದ್ದಾರೆ, ಮುಚ್ಚಿದರೆ ಏನು ಎಂದು ಬರೆದಿದೆ, ಅದನ್ನು ಮೊದಲು ಓದಿ.